ನಾರುಮಡಿಗಾಗಿ ಒಂದು ಅರ್ಜಿ: ಯೆರೂಸಲೇಮಿನ ಲೇವಿ ಗಾಯಕರ ಪ್ರಕರಣ

ಯೆರೂಸಲೇಮಿನ ದೇವಾಲಯ ಬೆಂಕಿಗೆ ಆಹುತಿಯಾಗುವುದಕ್ಕೆ ಆರೇಳು ವರ್ಷ ಮುಂಚೆ ಅಲ್ಲಿನ ಹಾಡುಗಾರರು ರಾಜ ಎರಡನೆಯ ಅಗ್ರಿಪ್ಪನ ಬಳಿಗೆ ಹೋಗಿ ಬಟ್ಟೆ ಕೇಳಿದರು. ಯಾಜಕರು ಉಡುವಂಥ ನಾರುಮಡಿ (ಅಗಸೆ ನಾರಿನ ಬಟ್ಟೆ, ಲಿನನ್) ತಮಗೂ ಬೇಕು ಎಂಬುದು ಅವರ ಬೇಡಿಕೆ. ರಾಜ ಯೆಹೂದ್ಯರ ಹಿರೀಸಭೆಯಾದ ಸನ್ಹೆದ್ರಿನನ್ನು ಕರೆಸಿದ, ಸಭೆ ಒಪ್ಪಿತು, ಬಟ್ಟೆ ಸಿಕ್ಕಿತು. ಇದನ್ನು ದಾಖಲಿಸಿದವನು ಯಾಜಕ ಮನೆತನದ ಯೆಹೂದ್ಯ ಚರಿತ್ರೆಕಾರ ಯೋಸೇಫಸ್ ಒಬ್ಬನೇ. ಕ್ರಿ.ಶ. 93-94ರಲ್ಲಿ ರೋಮ್ ನಗರದಲ್ಲಿ ಕುಳಿತು ಗ್ರೀಕ್ ಭಾಷೆಯಲ್ಲಿ ಬರೆದು ಮುಗಿಸಿದ ಯೆಹೂದ್ಯರ ಪ್ರಾಚೀನ ಚರಿತ್ರೆಯ ಇಪ್ಪತ್ತನೆಯ ಸಂಪುಟದಲ್ಲಿ ಅವನು ಈ ಸಂಗತಿಗೆ ಕೊಟ್ಟಿರುವುದು ಒಂದು ಸಣ್ಣ ಪ್ಯಾರಾ. ಅದರ ಕೊನೆಗೆ ಬಂದಾಗ ಚರಿತ್ರೆಕಾರ ಹಿಂದೆ ಸರಿದು ಯಾಜಕ ಮುಂದೆ ಬರುತ್ತಾನೆ: ಇದೆಲ್ಲ ನಮ್ಮ ಪೂರ್ವಜರ ಕಟ್ಟಳೆಗೆ ವಿರುದ್ಧ, ಕಟ್ಟಳೆ ಮೀರಿದಾಗಲೆಲ್ಲ ಶಿಕ್ಷೆ ಅನುಭವಿಸದೆ ನಾವು ಉಳಿದದ್ದಿಲ್ಲ ಎಂದು ಷರಾ ಬರೆಯುತ್ತಾನೆ. ಅಂದರೆ ಮುಂದೆ ಬಂದ ಯುದ್ಧ, ಮುತ್ತಿಗೆ, ಬೆಂಕಿಗಳ ಲೆಕ್ಕದಲ್ಲಿ ಗಾಯಕರ ಬಟ್ಟೆಯದೂ ಒಂದು ಪಾಲು.

ಬಟ್ಟೆಯ ವಿಷಯಕ್ಕೆ ಇಷ್ಟು ಸಿಟ್ಟೇ ಎಂದು ಕೇಳಬಹುದು. ಮಡಿ ಎಂಬ ಒಂದೇ ಪದದಲ್ಲಿ ಬಟ್ಟೆಯನ್ನೂ ಶುದ್ಧಿಯನ್ನೂ ಹೇಳಿಬಿಡುವ ಭಾಷೆಯವರು ಕೇಳಬೇಕಾದ ಪ್ರಶ್ನೆಯೇನಲ್ಲ ಅದು. ಆದರೂ ಈ ಪ್ರಕರಣವನ್ನು ಬಿಡಿಸುತ್ತಾ ಹೋದರೆ ಬಟ್ಟೆಗಿಂತ ದೊಡ್ಡ ಗಂಟು ಒಂದು ಸಿಗುತ್ತದೆ. ಯೋಸೇಫಸ್‌ನ ಆಕ್ಷೇಪಕ್ಕೆ ಯೋಸೇಫಸ್‌ನೇ ಉತ್ತರ ಬರೆದಿಟ್ಟಿದ್ದಾನೆ ಎಂಬುದೂ ಕಾಣುತ್ತದೆ.

ಅರ್ಜಿದಾರರು

ಇಸ್ರಾಯೇಲಿನ ಕುಲಗಳಲ್ಲಿ ಲೇವಿಯದು ದೇವರ ಸೇವೆಗೆ ಮೀಸಲಾದ ಕುಲ. ಅದರೊಳಗೇ ಮತ್ತೆ ಒಂದು ಗೆರೆ. ಮೋಶೆಯ ಅಣ್ಣ ಆರೋನನ ಸಂತಾನದವರು ಯಾಜಕರು, ಬಲಿಪೀಠ ಅವರದು. ಉಳಿದವರು ಬರೀ ಲೇವಿಯರು: ಬಾಗಿಲು ಕಾಯುವವರು, ಹೊರುವವರು, ಹಾಡುವವರು. ಬೈಬಲಿನ ಪೂರ್ವಕಾಲವೃತ್ತಾಂತ ಎಂಬ ಪುಸ್ತಕದ ಪ್ರಕಾರ ಈ ವ್ಯವಸ್ಥೆ ಮಾಡಿಟ್ಟವನು ರಾಜ ದಾವೀದ. ಮೂವತ್ತು ವರ್ಷ ದಾಟಿದ ಲೇವಿಯರು 38,000. ಅವರಲ್ಲಿ 4,000 ಮಂದಿ ದ್ವಾರಪಾಲಕರು, 4,000 ಮಂದಿ ವಾದ್ಯಗಳೊಂದಿಗೆ ಸ್ತುತಿಸುವವರು. ಆಸಾಫ, ಹೇಮಾನ, ಯೆದುತೂನರ ಮನೆತನಗಳಿಂದ ನುರಿತ ಗಾಯಕರು 288, ಅವರದು 24 ವರ್ಗ, ಸರದಿ ನಿರ್ಧಾರ ಚೀಟಿ ಹಾಕಿ. ಗುರು ಶಿಷ್ಯ ಎಂಬ ಭೇದವಿಲ್ಲದೆ. ಲೆಕ್ಕ ಎಷ್ಟು ಚೊಕ್ಕವಾಗಿದೆಯೆಂದರೆ ಸ್ವಲ್ಪ ಅನುಮಾನವೇ ಬರುತ್ತದೆ. 24 ವರ್ಗಕ್ಕೆ ಹನ್ನೆರಡು ಹನ್ನೆರಡರಂತೆ 288.

ಬಾಬಿಲೋನಿನ ಸೆರೆಯಿಂದ ಮರಳಿದವರ ಪಟ್ಟಿ ಬೈಬಲಿನದೇ ಎಜ್ರನ ಪುಸ್ತಕದಲ್ಲಿದೆ. ಅದು ಹೇಳುವ ಕಥೆ ಬೇರೆ. ಯಾಜಕರು 4,289. ಲೇವಿಯರು 74. ಆಸಾಫನ ವಂಶದ ಗಾಯಕರು 128. ದ್ವಾರಪಾಲಕರು 139. ಗಮನಿಸಬೇಕಾದದ್ದು ಸಂಖ್ಯೆಗಿಂತ ಹೆಚ್ಚಾಗಿ ಪಟ್ಟಿಯ ಕಲಮುಗಳನ್ನು. ಇಲ್ಲಿ ಗಾಯಕರನ್ನು ಲೇವಿಯರೊಳಗೆ ಎಣಿಸಿಲ್ಲ, ಅವರದು ಪ್ರತ್ಯೇಕ ಸಾಲು. ಪೂರ್ವಕಾಲವೃತ್ತಾಂತ ಬರೆಯುವ ಹೊತ್ತಿಗೆ ಅದೇ ಗಾಯಕರು ಪಕ್ಕಾ ಲೇವಿಯರು, ದಾವೀದನೇ ನೇಮಿಸಿದವರು. ಹಾಗಾದರೆ ಗಾಯಕರು ಮೇಲೇರಲು ಶುರು ಮಾಡಿದ್ದು ಅಗ್ರಿಪ್ಪನ ಕಾಲದಲ್ಲಲ್ಲ. ಅವರು ಶತಮಾನಗಳಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ನಾರುಮಡಿ ಕೊನೆಯ ಮೆಟ್ಟಿಲಿನ ಮಾತು.

ಮೇಲೇರುವುದು ಎಂದಾಗ ಹೊಟ್ಟೆಪಾಡು ಮರೆಯಬಾರದು. ಸೆರೆಯ ನಂತರದ ಕಾಲದಲ್ಲಿ ಅಧಿಪತಿಯಾಗಿದ್ದ ನೆಹೆಮೀಯ ಒಮ್ಮೆ ಯೆರೂಸಲೇಮಿಗೆ ಹಿಂತಿರುಗಿದಾಗ ಗಾಯಕರು ದೇವಾಲಯದಲ್ಲೇ ಇರಲಿಲ್ಲ. ಅವರ ಪಾಲಿನ ದವಸ ಬರದೆ ಹೋದದ್ದರಿಂದ ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಅಧಿಕಾರಿಗಳನ್ನು ಗದರಿಸಿ, ಗಾಯಕರನ್ನು ಮರಳಿ ಕರೆತಂದು ಅವರವರ ಸ್ಥಾನದಲ್ಲಿ ನಿಲ್ಲಿಸಿದೆ ಎಂದು ಅವನೇ ಬರೆದುಕೊಂಡಿದ್ದಾನೆ. ಧರ್ಮಶಾಸ್ತ್ರದ ಪ್ರಕಾರ ದಶಮಾಂಶ, ಅಂದರೆ ಬೆಳೆಯ ಹತ್ತನೆಯ ಒಂದು ಪಾಲು, ಸೇರಬೇಕಾದದ್ದು ಲೇವಿಯರಿಗೆ. ಅದರಲ್ಲಿ ಹತ್ತನೆಯ ಒಂದನ್ನು ಅವರು ಯಾಜಕರಿಗೆ ಕೊಡಬೇಕು. ಕ್ರಿ.ಶ. ಮೊದಲ ಶತಮಾನದಲ್ಲಿ ದಶಮಾಂಶವನ್ನು ಯಾಜಕರೇ ನೇರವಾಗಿ ಪಡೆಯುತ್ತಿದ್ದರು. ಯಾಜಕನಾಗಿ ತನಗೆ ಸಲ್ಲುತ್ತಿದ್ದ ದಶಮಾಂಶವನ್ನು ತಾನು ನಿರಾಕರಿಸಿದೆ ಎಂದು ಯೋಸೇಫಸ್ ತನ್ನ ಆತ್ಮಕಥೆಯಲ್ಲಿ ಹೆಮ್ಮೆಪಡುತ್ತಾನೆ. ಪ್ರಕರಣದ ಆಸುಪಾಸಿನ ವರ್ಷಗಳಲ್ಲಂತೂ ಮಾಜಿ ಮಹಾಯಾಜಕ ಅನನೀಯನ ಆಳುಗಳು ಕಣಕ್ಕೇ ನುಗ್ಗಿ ದಶಮಾಂಶದ ಧಾನ್ಯ ಹೊತ್ತೊಯ್ಯುತ್ತಿದ್ದರು, ಕೊಡದವರನ್ನು ಹೊಡೆಯುತ್ತಿದ್ದರು. ಬಡ ಯಾಜಕರಲ್ಲೇ ಕೆಲವರು ಹಸಿದು ಸತ್ತರು. ಯಾಜಕರ ಗತಿಯೇ ಹೀಗಿದ್ದಾಗ ಅವರ ಕೆಳಗಿನ ಲೇವಿಯರಿಗೆ ಕಣದಲ್ಲಿ ಏನು ಉಳಿದಿದ್ದೀತು?

ಅವರ ಕೆಲಸ

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯ ಧರ್ಮನಿಯಮಗಳ ಸಂಗ್ರಹ ಮಿಶ್ನಾ ದೇವಾಲಯದ ದಿನಚರಿಯನ್ನು ವಿವರವಾಗಿ ಕೊಡುತ್ತದೆ. ಬಲಿಪೀಠದ ಮೇಲೆ ಯಾಜಕ ದ್ರಾಕ್ಷಾರಸ ಸುರಿಯಲು ಬಾಗುತ್ತಿದ್ದಂತೆ ಉಪಮಹಾಯಾಜಕ ಬಟ್ಟೆಯೊಂದನ್ನು ಬೀಸುತ್ತಾನೆ, ಬೆನ್ ಅರ್ಜಾ ಎಂಬವನು ತಾಳ ಹೊಡೆಯುತ್ತಾನೆ, ಲೇವಿಯರು ಹಾಡಲು ತೊಡಗುತ್ತಾರೆ. ಹಾಡು ನಿಂತಲ್ಲೆಲ್ಲ ಯಾಜಕರ ತುತೂರಿ. ತುತೂರಿ ಕೇಳಿದೊಡನೆ ಜನ ಸಾಷ್ಟಾಂಗ ಬೀಳುತ್ತಾರೆ. ವಾರಕ್ಕೊಂದು ಪಟ್ಟಿಯಿತ್ತು: ಭಾನುವಾರ 24ನೆಯ ಕೀರ್ತನೆ, ಸೋಮವಾರ 48, ಮಂಗಳವಾರ 82, ಬುಧವಾರ 94, ಗುರುವಾರ 81, ಶುಕ್ರವಾರ 93, ಶನಿವಾರದ ಸಬ್ಬತ್ತಿಗೆ 92. ಜಗಲಿಯ ಮೇಲೆ ಹನ್ನೆರಡು ಲೇವಿಯರಿಗಿಂತ ಕಡಿಮೆ ನಿಲ್ಲುವಂತಿಲ್ಲ, ಹೆಚ್ಚಿಗೆ ಮಿತಿಯಿಲ್ಲ. ಸ್ವರಮಂಡಲ ಎರಡರಿಂದ ಆರು, ಕಿನ್ನರಿ ಒಂಬತ್ತು ಅಥವಾ ಎಷ್ಟಾದರೂ, ತಾಳ ಮಾತ್ರ ಒಂದೇ. (ಹೀಬ್ರೂವಿನ ಕಿನ್ನೋರ್ ಎಂಬ ವಾದ್ಯಕ್ಕೆ ಕನ್ನಡ ಬೈಬಲಿನಲ್ಲಿ ಕಿನ್ನರಿ ಎಂಬ ಪದ ಸಿಕ್ಕಿದ್ದು ಕಿವಿಗೆ ಎಷ್ಟು ಹಿತ!)

ಇನ್ನೊಂದು ವಿವರ ನನಗೆ ಬಹಳ ಇಷ್ಟ. ಲೇವಿಯರ ಹಾಡಿಗೆ ರುಚಿ ಕೂಡಲೆಂದು ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದರು. ಅವರು ಜಗಲಿ ಹತ್ತುವಂತಿಲ್ಲ, ವಾದ್ಯ ಮುಟ್ಟುವಂತಿಲ್ಲ. ನೆಲದ ಮೇಲೆ ನಿಂತು, ದೊಡ್ಡವರ ಕಾಲುಗಳ ನಡುವೆ ತಲೆ ಬರುವಂತೆ, ಬಾಯಿಂದ ಮಾತ್ರ ಹಾಡಬೇಕು. ಅವರ ಎಳೆಯ ಕಂಠಕ್ಕೆ ದೊಡ್ಡವರ ದನಿ ಸಾಟಿಯಾಗುತ್ತಿರಲಿಲ್ಲ; ಆದ್ದರಿಂದ ಲೇವಿಯರನ್ನು ಪೀಡಿಸುವವರು ಎಂದೇ ಅವರಿಗೆ ಹೆಸರು.

ಈ ಜಗಲಿ ಎಲ್ಲಿತ್ತು ಎಂಬುದು ಪ್ರಕರಣಕ್ಕೆ ಮುಖ್ಯ. ಅದು ಇಸ್ರಾಯೇಲರ ಅಂಗಳಕ್ಕೂ ಯಾಜಕರ ಅಂಗಳಕ್ಕೂ ನಡುವಿನ ಗೆರೆಯ ಮೇಲೆಯೇ ಇತ್ತು. ಗಾಯಕ ಹಿಂದೆ ತಿರುಗಿದರೆ ಸಾಮಾನ್ಯ ಜನ, ಮುಂದೆ ನೋಡಿದರೆ ಬಲಿಪೀಠ ಮತ್ತು ಬಿಳಿ ಮಡಿಯ ಯಾಜಕರು. ಪರ್ಣಶಾಲೆಗಳ ಹಬ್ಬದ ರಾತ್ರಿಗಳಲ್ಲಿ ಲೇವಿಯರು ಸ್ತ್ರೀಯರ ಅಂಗಳಕ್ಕೆ ಇಳಿಯುವ ಹದಿನೈದು ಮೆಟ್ಟಿಲುಗಳ ಮೇಲೆ ನಿಂತು ಹಾಡುತ್ತಿದ್ದರು. ಅಂಗಳದಲ್ಲಿ ಉರಿಯುವ ದೊಡ್ಡ ದೀಪಗಳ ಬತ್ತಿಗಳನ್ನು ಯಾಜಕರ ಹಳೆಯ ಚಡ್ಡಿ, ನಡುಕಟ್ಟುಗಳನ್ನು ಹರಿದು ಹೊಸೆಯುತ್ತಿದ್ದರು. ಯಾಜಕನ ಮೈಮೇಲಿದ್ದ ಹರಕು ಬಟ್ಟೆಗೂ ಅಷ್ಟು ಬೆಲೆ. ಆ ಬೆಳಕಿನಲ್ಲಿ ನಿಂತು ಹಾಡುವವನಿಗೆ ಆ ಬಟ್ಟೆಯ ಹಕ್ಕಿಲ್ಲ.

ಬಟ್ಟೆಯ ಬೆಲೆ ಎಂದಾಗ ನೆನಪಾಗುವ ಇನ್ನೊಂದು ಮಾತಿದೆ. ಪ್ರಾಯಶ್ಚಿತ್ತದ ದಿನ ಮಹಾಯಾಜಕ ಬೆಳಿಗ್ಗೆ ಈಜಿಪ್ಟಿನ ಪೆಲೂಸಿಯಮ್ಮಿನ ನಾರುಮಡಿ ಉಟ್ಟರೆ ಸಂಜೆ ಉಡುತ್ತಿದ್ದುದು ಭಾರತದ ಮಡಿ ಎನ್ನುತ್ತದೆ ಮಿಶ್ನಾ. ರಬ್ಬಿ ಮೇಯಿರ್ ಹೇಳುವಂತೆ ಅದರ ಬೆಲೆ 800 ಜೂಜ್ ನಾಣ್ಯ.

ಈ ರಾಜನ ಬಳಿಗೇ ಏಕೆ?

ಎರಡನೆಯ ಅಗ್ರಿಪ್ಪ ಯೂದಾಯದ ರಾಜನಲ್ಲ. ಅಲ್ಲಿ ಆಡಳಿತ ರೋಮಿನ ಅಧಿಕಾರಿಯದು. 62ರಿಂದ 64ರವರೆಗೆ ಆಲ್ಬಿನಸ್. ಆದರೆ ದೇವಾಲಯದ ಮೇಲ್ವಿಚಾರಣೆ ಮತ್ತು ಮಹಾಯಾಜಕನನ್ನು ನೇಮಿಸುವ, ತೆಗೆಯುವ ಅಧಿಕಾರ ಅಗ್ರಿಪ್ಪನ ಕೈಯಲ್ಲಿತ್ತು. ಅವನು ಅದನ್ನು ಧಾರಾಳವಾಗಿ ಬಳಸುತ್ತಿದ್ದ. ಯೇಸುವಿನ ಸಹೋದರ ಯಾಕೋಬನನ್ನು ಕಲ್ಲೆಸೆದು ಕೊಲ್ಲಿಸಿದ ಅನನಸ್‌ನನ್ನು 62ರಲ್ಲಿ ಮೂರೇ ತಿಂಗಳಿಗೆ ಕೆಳಗಿಳಿಸಿದ. ದಮ್ನೇಯನ ಮಗ ಯೇಸು ಎಂಬವನನ್ನು ಕೂರಿಸಿದ, ಅವನನ್ನೂ ತೆಗೆದು ಗಮಲಿಯೇಲನ ಮಗ ಯೇಸುವನ್ನು ತಂದ. ಇಳಿದವನ ಕಡೆಯವರೂ ಏರಿದವನ ಕಡೆಯವರೂ ಬೀದಿಯಲ್ಲಿ ಕಲ್ಲು ತೂರಾಡಿದರು.

ಅದಕ್ಕಿಂತ ಮುಂಚಿನ ಜಗಳವೊಂದು ಇನ್ನೂ ಸ್ವಾರಸ್ಯದ್ದು. ಅಗ್ರಿಪ್ಪ ತನ್ನ ಅರಮನೆಯಲ್ಲಿ ದೊಡ್ಡದೊಂದು ಭೋಜನಶಾಲೆ ಕಟ್ಟಿಸಿದ. ಅಲ್ಲಿ ಒರಗಿ ಊಟ ಮಾಡುತ್ತಲೇ ದೇವಾಲಯದೊಳಗೆ ನಡೆಯುವುದೆಲ್ಲ ಕಾಣುತ್ತಿತ್ತು. ಯೆರೂಸಲೇಮಿನ ಹಿರಿಯರಿಗೆ ಮೈ ಉರಿಯಿತು. ಒಳ ಅಂಗಳದ ಪಶ್ಚಿಮಕ್ಕೆ ಎತ್ತರದ ಗೋಡೆ ಎಬ್ಬಿಸಿ ರಾಜನ ನೋಟಕ್ಕೆ ಅಡ್ಡ ಹಾಕಿದರು. ಗೋಡೆ ಕೆಡವಿ ಎಂದ ರೋಮಿನ ಅಧಿಕಾರಿ ಫೆಸ್ತನ ಆಜ್ಞೆಯ ವಿರುದ್ಧ ಹತ್ತು ಮಂದಿ ಮುಖ್ಯಸ್ಥರು, ಮಹಾಯಾಜಕ ಇಷ್ಮಾಯೇಲ, ಖಜಾಂಚಿ ಹೆಲ್ಕೀಯ ರೋಮಿಗೇ ಹೋಗಿ ನೀರೋನ ಮುಂದೆ ವಾದಿಸಿದರು. ನೀರೋನ ಹೆಂಡತಿ ಪೊಪ್ಪೇಯ ಅವರ ಪರ ಮಾತಾಡಿದಳು. ಗೋಡೆ ಉಳಿಯಿತು, ರಾಜನಿಗೆ ಮುಖಭಂಗವಾಯಿತು.

ಗಾಯಕರು ಅರ್ಜಿ ಹಿಡಿದು ಬಂದದ್ದು ಈ ರಾಜನ ಬಳಿಗೆ. ಯಾಜಕರ ಮೇಲೆ ಮುನಿಸಿದ್ದವನು, ದೇವಾಲಯದ ಒಳಗೆ ತನ್ನ ಗುರುತು ಮೂಡಿಸಲು ದಾರಿ ಹುಡುಕುತ್ತಿದ್ದವನು. ಅವರು ಹೂಡಿದ ವಾದವೂ ಅದಕ್ಕೆ ತಕ್ಕದ್ದೇ: ಇಂಥದೊಂದು ಹೊಸತನ್ನು ಮಾಡಿದರೆ ನಿಮ್ಮ ಆಳ್ವಿಕೆಯ ಹೆಸರು ಶಾಶ್ವತವಾಗಿ ಉಳಿಯುತ್ತದೆ. ಹಾಡುವವರಿಗೆ ಯಾರ ಕಿವಿಗೆ ಯಾವ ಸ್ವರ ಹಿತ ಎಂದು ಹೇಳಿಕೊಡಬೇಕೇ?

ಬಟ್ಟೆಯ ರಾಜಕೀಯವೂ ಆ ಊರಿಗೆ ಹೊಸದಲ್ಲ. ಮಹಾಯಾಜಕನ ಉಡುಪನ್ನು ರೋಮನರು ಅಂತೋನಿಯಾ ಕೋಟೆಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದ ಕಾಲವಿತ್ತು. ಅದನ್ನು ಯೆಹೂದ್ಯರ ವಶದಲ್ಲೇ ಬಿಡಲು ಕ್ಲಾಡಿಯಸ್ ಚಕ್ರವರ್ತಿ ಒಪ್ಪಿದ್ದು 45ರಲ್ಲಿ. ಅಂದು ಆ ಉಡುಪಿಗಾಗಿ ರೋಮಿನವರೆಗೆ ದೂತರನ್ನು ಕಳುಹಿಸಿದವರೇ ಇಂದು ಗಾಯಕರು ಬಟ್ಟೆ ಕೇಳಿದರೆ ಅಪಚಾರ ಎನ್ನುತ್ತಾರೆ.

ಕಟ್ಟಳೆ ಯಾರ ಕಡೆಗಿತ್ತು?

ಯಾಜಕರ ಪರ ವಾದ ಗಟ್ಟಿಯಾಗಿಯೇ ಇದೆ. ವಿಮೋಚನಕಾಂಡದಲ್ಲಿ ನಾರಿನ ಅಂಗಿ, ಮುಂಡಾಸು, ಚಡ್ಡಿಗಳನ್ನು ಹೊಲಿಸಿದ್ದು ಆರೋನನಿಗೂ ಅವನ ಮಕ್ಕಳಿಗೂ. ಯೆಹೆಜ್ಕೇಲ ಪ್ರವಾದಿ ಇನ್ನೂ ಕಟುವಾಗಿ ಹೇಳುತ್ತಾನೆ: ಇಸ್ರಾಯೇಲು ದಾರಿ ತಪ್ಪಿದಾಗ ಲೇವಿಯರೂ ತಪ್ಪಿದರು, ಅವರು ಬಾಗಿಲು ಕಾಯಲಿ, ಜನರ ಸೇವೆ ಮಾಡಲಿ, ಹತ್ತಿರ ಬರುವುದು ಬೇಡ. ಒಳ ಅಂಗಳಕ್ಕೆ ನಾರುಮಡಿ ಉಟ್ಟು ಬರುವವರು ಚಾದೋಕನ ವಂಶದ ಯಾಜಕರು ಮಾತ್ರ.

ಗಾಯಕರ ಪರವಾಗಿ ಏನಿದೆ? ಮೊದಲನೆಯದಾಗಿ, ಮೋಶೆಯ ಧರ್ಮಶಾಸ್ತ್ರ ಲೇವಿಯರಿಗೆ ಯಾವ ಉಡುಪನ್ನೂ ವಿಧಿಸಿಲ್ಲ, ಯಾವುದನ್ನೂ ನಿಷೇಧಿಸಿಲ್ಲ. ಎರಡನೆಯದು ಇನ್ನೂ ಬಲವಾದದ್ದು. ದಾವೀದ ದೇವರ ಒಡಂಬಡಿಕೆಯ ಮಂಜೂಷವನ್ನು (ಪವಿತ್ರ ಪೆಟ್ಟಿಗೆಯನ್ನು) ಯೆರೂಸಲೇಮಿಗೆ ತರುವಾಗ ಅವನೂ, ಹೊತ್ತ ಲೇವಿಯರೂ, ಗಾಯಕರೂ ನಯವಾದ ನಾರುಮಡಿ ಉಟ್ಟಿದ್ದರು ಎಂದು ಪೂರ್ವಕಾಲವೃತ್ತಾಂತದ ಮೊದಲ ಭಾಗ ಹೇಳುತ್ತದೆ. ಸೊಲೊಮೋನ ದೇವಾಲಯವನ್ನು ಪ್ರತಿಷ್ಠಿಸಿದ ದಿನ ಆಸಾಫ, ಹೇಮಾನ, ಯೆದುತೂನರು ಮಕ್ಕಳು ಬಂಧುಗಳೊಂದಿಗೆ ನಾರುಮಡಿ ಧರಿಸಿ, ತಾಳ, ಸ್ವರಮಂಡಲ, ಕಿನ್ನರಿ ಹಿಡಿದು ಬಲಿಪೀಠದ ಪೂರ್ವಕ್ಕೆ ನಿಂತರು, ಪಕ್ಕದಲ್ಲಿ ತುತೂರಿ ಊದುವ 120 ಯಾಜಕರಿದ್ದರು ಎಂದು ಎರಡನೆಯ ಭಾಗ ಹೇಳುತ್ತದೆ. ಇದಕ್ಕಿಂತ ನೇರವಾದ ಪೂರ್ವನಿದರ್ಶನ ಬೇಕೇ?

ಇನ್ನು ಯೋಸೇಫಸ್. ಅವನ ಅದೇ ಚರಿತ್ರೆಯ ಎಂಟನೆಯ ಸಂಪುಟವನ್ನು ತೆರೆದರೆ, ಸೊಲೊಮೋನ ದೇವಾಲಯಕ್ಕಾಗಿ ಮಾಡಿಸಿದ ವಸ್ತುಗಳ ಪಟ್ಟಿಯಲ್ಲಿ ಯಾಜಕರಿಗೆ 10,000 ನಾರುಮಡಿ, 2,00,000 ತುತೂರಿ ಇವೆ. ಅವುಗಳ ಬೆನ್ನಿಗೇ ಲೇವಿ ಗಾಯಕರಿಗೆಂದು ಮಾಡಿಸಿದ ನಾರುಮಡಿಗಳು, ಅವೂ 2,00,000! ಸಂಖ್ಯೆ ಉತ್ಪ್ರೇಕ್ಷೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸೊಲೊಮೋನ ಗಾಯಕರಿಗೆ ನಾರುಮಡಿ ಕೊಟ್ಟ ಎಂದು ಕೈಯಾರೆ ಬರೆದವನು ಹನ್ನೆರಡು ಸಂಪುಟಗಳ ಬಳಿಕ, ಅಗ್ರಿಪ್ಪ ಅದನ್ನೇ ಕೊಟ್ಟಾಗ, ಪೂರ್ವಜರ ಕಟ್ಟಳೆ ಮುರಿಯಿತು ಎಂದು ಹಲುಬುತ್ತಾನೆ.

ಇದನ್ನು ಬರೀ ಮರೆವು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯೋಸೇಫಸ್ 24 ಯಾಜಕ ವರ್ಗಗಳಲ್ಲಿ ಮೊದಲನೆಯದಕ್ಕೆ ಸೇರಿದವನು. ಆತ್ಮಕಥೆ ಶುರುವಾಗುವುದೇ ಆ ಹೆಗ್ಗಳಿಕೆಯಿಂದ. ಅಗ್ರಿಪ್ಪ ಅವನಿಗೆ ಶತ್ರುವೂ ಅಲ್ಲ. ಅವನ ಯುದ್ಧ ಚರಿತ್ರೆಯನ್ನು ಮೆಚ್ಚಿ 62 ಪತ್ರ ಬರೆದ ಸ್ನೇಹಿತ. ಆ ಸ್ನೇಹವನ್ನೂ ಬದಿಗಿಟ್ಟು ತೀರ್ಪನ್ನು ಖಂಡಿಸುವಂತೆ ಮಾಡಿದ್ದು ಕಟ್ಟಳೆಯಲ್ಲ, ರೂಢಿ. ಅವನು ಹುಟ್ಟಿದ್ದು 37ರಲ್ಲಿ. ಬಾಲ್ಯದಿಂದ ಅವನು ಕಂಡ ದೇವಾಲಯದಲ್ಲಿ ನಾರುಮಡಿ ಎಂದರೆ ಯಾಜಕ. ಸೊಲೊಮೋನನ ಕಾಲದ ಗಾಯಕರಿಗೆ ಎರಡು ಲಕ್ಷ ಮಡಿ ಕೊಡಲು ಅವನಿಗೆ ಅಡ್ಡಿಯಿಲ್ಲ, ಅವರು ಪುರಾಣದವರು. ತನ್ನ ಪಕ್ಕದಲ್ಲಿ ನಿಲ್ಲುವ ಗಾಯಕ ಅದನ್ನು ಉಟ್ಟರೆ ದೂರದಿಂದ ನೋಡುವ ಭಕ್ತನಿಗೆ ಯಾಜಕ ಯಾರು, ಹಾಡುಗಾರ ಯಾರು ತಿಳಿಯುವುದಿಲ್ಲ.

ಅರ್ಜಿಯ ಎರಡನೆಯ ಕಲಮು

ಈ ಪ್ರಕರಣವನ್ನು ಹೇಳುವವರೆಲ್ಲ ಬಟ್ಟೆಯಲ್ಲೇ ನಿಂತುಬಿಡುತ್ತಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಆದೇಶವಿದೆ. ದೇವಾಲಯದ ಇತರ ಕೆಲಸ ಮಾಡುತ್ತಿದ್ದ ಲೇವಿಯರ ಗುಂಪೊಂದು ಕೀರ್ತನೆಗಳನ್ನು ಕಲಿಯಲು ಅನುಮತಿ ಕೇಳಿತ್ತು. ರಾಜ ಅದನ್ನೂ ಕೊಟ್ಟ.

ಕಲಿಯಲು ಅನುಮತಿ ಏಕೆ ಬೇಕು ಎಂಬುದಕ್ಕೆ ಉತ್ತರ ಮಿಶ್ನಾದಲ್ಲಿದೆ. ದೇವಾಲಯದ ಗಾಯನದ ಮೇಲ್ವಿಚಾರಕ ಹುಗ್ರಸ್ ಬೆನ್ ಲೇವಿ. ಅವನಿಗೆ ಹಾಡಿನಲ್ಲಿ ವಿಶೇಷವಾದ ಒಂದು ವರಸೆ ಗೊತ್ತಿತ್ತು, ಅದನ್ನು ಯಾರಿಗೂ ಕಲಿಸಲು ಒಪ್ಪಲಿಲ್ಲ. ಬಾಯೊಳಗೆ ಹೆಬ್ಬೆರಳಿಟ್ಟು ಅವನು ದನಿ ತೆಗೆದರೆ ಯಾಜಕರು ಬೆಚ್ಚಿ ಹಿಂದಕ್ಕೆ ವಾಲುತ್ತಿದ್ದರಂತೆ ಎಂದು ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಸೇರಿಸುತ್ತದೆ. ವಿದ್ಯೆ ಬಚ್ಚಿಟ್ಟವರ ಸಾಲಿನಲ್ಲಿ, ರೊಟ್ಟಿ ಮಾಡುವ ಗುಟ್ಟು ಬಿಡದ ಗಾರ್ಮು ಮನೆತನ, ಧೂಪದ ಗುಟ್ಟು ಬಿಡದ ಅವ್ಟಿನಾಸ್ ಮನೆತನಗಳ ಜೊತೆ ಅವನ ಹೆಸರು ಕೆಟ್ಟ ಮಾತಿಗೆ ಉಳಿದಿದೆ. ಹಾಡು ಮನೆತನದ ಆಸ್ತಿಯಾಗಿತ್ತು.

ಗಡಿ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ತಾಲ್ಮುಡ್ಡಿನ ಇನ್ನೊಂದು ಪ್ರಸಂಗ ಸಾಕು. ಗಾಯಕ ಮನೆತನದ ಯೆಹೋಶುವ ಬೆನ್ ಹನನ್ಯ ಮುಂದೆ ದೊಡ್ಡ ರಬ್ಬಿಯಾದವನು. ಒಮ್ಮೆ ಅವನು ಬಾಗಿಲು ಮುಚ್ಚಲು ಯೋಹಾನಾನ್ ಬೆನ್ ಗುದ್ಗದನಿಗೆ ಕೈಜೋಡಿಸಲು ಹೋದ. ಮಗನೇ, ಹಿಂತಿರುಗು, ನೀನು ಹಾಡುವವರ ಕಡೆಯವನು, ಬಾಗಿಲಿನವರ ಕಡೆಯವನಲ್ಲ ಎಂದು ಅವನನ್ನು ಕಳುಹಿಸಿಬಿಟ್ಟರು.

ಇನ್ನೂ ಒಂದು ಸಿಕ್ಕು ಇದೆ. ಗಾಯಕರಲ್ಲೂ ದ್ವಾರಪಾಲಕರಲ್ಲೂ ಕಾಣುವ ಹೆಸರು ಕೋರಹನದು. ಹೇಮಾನನ ವಂಶಾವಳಿ ಅವನವರೆಗೆ ಹೋಗುತ್ತದೆ. ಬಾಗಿಲು ಕಾಯುವವರಲ್ಲೂ ಕೋರಹೀಯರಿದ್ದಾರೆ. ಅರಣ್ಯಕಾಂಡದಲ್ಲಿ 250 ಮಂದಿಯನ್ನು ಕೂಡಿಕೊಂಡು, ಯಾಜಕತ್ವ ಆರೋನನಿಗೆ ಮಾತ್ರ ಏಕೆ ಎಂದು ಮೋಶೆಯ ಎದುರು ನಿಂತ ಲೇವಿಯೇ ಈ ಕೋರಹ. ನೆಲ ಬಾಯ್ದೆರೆದು ಅವನನ್ನು ನುಂಗಿತು, ಅವನ ಮಕ್ಕಳು ಸಾಯಲಿಲ್ಲ. ನಂತರದ ಯೆಹೂದ್ಯ ಕಥೆಗಾರರು ಆ ಜಗಳಕ್ಕೂ ಒಂದು ಬಟ್ಟೆ ತೊಡಿಸಿದ್ದಾರೆ: ಕೋರಹ ತನ್ನವರಿಗೆಲ್ಲ ಪೂರ್ತಿ ನೀಲಿ ನಿಲುವಂಗಿ ಹಾಕಿಸಿ, ಇಡೀ ಅಂಗಿಯೇ ನೀಲಿಯಾಗಿರುವಾಗ ಕಟ್ಟಳೆ ಹೇಳುವಂತೆ ಅದರ ಅಂಚಿನ ಗೊಂಡೆಗೆ ಮತ್ತೊಂದು ನೀಲಿ ದಾರ ಬೇಕೇ ಎಂದು ಕೇಳಿದನಂತೆ. ಅವನ ಮಕ್ಕಳ ಹೆಸರಿನಲ್ಲಿರುವ 84ನೆಯ ಕೀರ್ತನೆಯಲ್ಲಿ ದುಷ್ಟರ ಗುಡಾರಗಳಲ್ಲಿ ಇರುವುದಕ್ಕಿಂತ ದೇವರ ಮನೆಯ ಹೊಸ್ತಿಲಲ್ಲಿ ಕಾಯುವುದೇ ಲೇಸು ಎಂಬ ಮಾತಿದೆ. ಅದನ್ನು ರಾಗವಾಗಿ ಹಾಡಬಹುದು. ಹೊಸ್ತಿಲಲ್ಲಿ ನಿಜವಾಗಿ ನಿಂತಿದ್ದವರು ಮಾತ್ರ ಹಾಡು ಕಲಿಸಿ ಎಂದು ಅರ್ಜಿ ಕೊಟ್ಟರು.

ಹೀಗಾಗಿ ಅಗ್ರಿಪ್ಪನ ತೀರ್ಪು ಗಾಯಕರಿಗೆ ಪೂರ್ತಿ ಸಿಹಿಯಾಗಿತ್ತು ಎನ್ನಲಾರೆ. ಒಂದು ಕೈಯಲ್ಲಿ ಯಾಜಕರ ಮಡಿ ಸಿಕ್ಕಿತು, ಇನ್ನೊಂದು ಕೈಯಿಂದ ಮನೆತನದ ಹಾಡು ಜಾರಿತು. ಮೇಲಿನವರ ಜೊತೆ ಸಮ ಎಂದು ವಾದಿಸಿದವರ ಬೆನ್ನಿಗೇ ಕೆಳಗಿನವರು ಅದೇ ವಾದ ಹಿಡಿದು ನಿಂತಿದ್ದರು.

ಆಮೇಲೆ

ಯೋಸೇಫಸ್‌ನ ಮುಂದಿನ ಸಾಲೇ ದೇವಾಲಯದ ಕಟ್ಟಡ ಮುಗಿದ ಸುದ್ದಿ. ರಾಜ ಹೆರೋದ ಎಂಬತ್ತಕ್ಕೂ ಹೆಚ್ಚು ವರ್ಷ ಹಿಂದೆ ಶುರು ಮಾಡಿದ್ದ ಕೆಲಸ. 18,000ಕ್ಕೂ ಮಿಕ್ಕಿದ ಕೆಲಸಗಾರರು ಕೂಲಿಯಿಲ್ಲದೆ ಕುಳಿತರು; ಅವರಿಗಾಗಿ ಪೂರ್ವದ ಮಂಟಪವನ್ನು ಮತ್ತೆ ಕಟ್ಟಿಸಿ ಎಂದಾಗ ಅಗ್ರಿಪ್ಪ ಒಪ್ಪದೆ, ಬೀದಿಗಳಿಗೆ ಬಿಳಿಕಲ್ಲು ಹಾಸಲು ಅನುಮತಿ ಕೊಟ್ಟ. ಗಮಲಿಯೇಲನ ಮಗ ಯೇಸುವನ್ನೂ ತೆಗೆದು ಥೆಯೊಫಿಲನ ಮಗ ಮತ್ತೀಯನನ್ನು ಮಹಾಯಾಜಕನನ್ನಾಗಿ ಮಾಡಿದ. 66ರಲ್ಲಿ ಯುದ್ಧ ಹತ್ತಿಕೊಂಡಿತು, 70ರಲ್ಲಿ ದೇವಾಲಯ ಉರಿಯಿತು. ಆ ಗಳಿಗೆಯಲ್ಲೂ ಲೇವಿಯರು ಜಗಲಿಯ ಮೇಲೆ ನಿಂತು 94ನೆಯ ಕೀರ್ತನೆ ಹಾಡುತ್ತಿದ್ದರು, ಕೊನೆಯ ಸಾಲು ಮುಗಿಯುವ ಮೊದಲೇ ಶತ್ರುಗಳು ಒಳನುಗ್ಗಿದರು ಎಂಬುದು ತಾಲ್ಮುಡ್ ಉಳಿಸಿಕೊಂಡ ನೆನಪು. ಅವರು ಏನು ಉಟ್ಟಿದ್ದರು ಎಂದು ಅದು ಹೇಳುವುದಿಲ್ಲ.

ಇವತ್ತಿಗೂ ಸಿನಗಾಗ್‌ಗಳಲ್ಲಿ ಆರೋನನ ಸಂತಾನದವರು ಸಭೆಯನ್ನು ಆಶೀರ್ವದಿಸುವ ವಿಧಿ ನಡೆಯುತ್ತದೆ. ಅದಕ್ಕೆ ಮೊದಲು ಲೇವಿಯೊಬ್ಬ ತಂಬಿಗೆಯಿಂದ ಅವರ ಕೈಗಳಿಗೆ ನೀರು ಹಾಕಬೇಕು. ಆಮೇಲೆ ಯಾಜಕರು ಮುಂದೆ ಹೋಗುತ್ತಾರೆ, ಲೇವಿ ತನ್ನ ಜಾಗಕ್ಕೆ ಮರಳುತ್ತಾನೆ. ಲೇವಿಯರು ನಿಂತು ಹಾಡುತ್ತಿದ್ದ ಆ ಜಗಲಿಗೆ ಹೀಬ್ರೂವಿನಲ್ಲಿ ದುಖಾನ್ ಎನ್ನುತ್ತಿದ್ದರು. ಯಾಜಕರ ಈ ಆಶೀರ್ವಾದಕ್ಕೆ ಯುರೋಪಿನ ಯೆಹೂದ್ಯರ ಭಾಷೆಯಾದ ಯಿದ್ದಿಷ್ ಮಾತಾಡುವವರು ಇಟ್ಟ ಹೆಸರು ದುಖೆನೆನ್.